ಕೊಸರು ಬೇಡ ಎಂದವನ ರಾತ್ರಿಯೂಟ

ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರನ ಬದುಕಿನಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ ಎಂದು ಇಪ್ಪತ್ತಾರು ವರ್ಷ ನಂಬಿದ್ದೆ. ಹಾಗೆ ನಂಬಿದವನ ಮನೆಯನ್ನೇ ಹುಡುಕಿಕೊಂಡು ಇಂಥವು ಬರುತ್ತವೆ, ಅದೂ ನಗಲು ಯಾರಿಗೂ ಮನಸ್ಸಿಲ್ಲದ ಕಾಲದಲ್ಲಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನ ತಕ್ಕಡಿಗಳು ನನ್ನ ಪಾಲಿನವು. ಆ ವರ್ಷದ ಮುದ್ರೆ ಇಲ್ಲದ ತಕ್ಕಡಿ ಕಂಡರೆ ಕೇಸು. ತಟ್ಟೆಯ ಅಡಿಯಲ್ಲಿ ಅಯಸ್ಕಾಂತ ಕಂಡರೆ ಕೇಸು. ಬಂಧುಗಳ ಅಂಗಡಿಯಾದರೆ ಮೊದಲು ಕೇಸು, ಆಮೇಲೆ ಕಾಫಿ. ಕಾಫಿ ಕೊಟ್ಟವರು ಕಡಿಮೆ.

ಗಣೇಶನ ಹಬ್ಬ ಮುಗಿದ ವಾರ ತುಮಕೂರಿನ ಡಾಕ್ಟರು ನನ್ನ ಹೆಂಡತಿಯನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದರು. ಹೊಟ್ಟೆಯ ಕ್ಯಾನ್ಸರ್. ಆಪರೇಷನ್ ಆಗಿತ್ತು, ಕೀಮೋದ ಎರಡು ಇಂಜೆಕ್ಷನ್ನೂ ಆಗಿತ್ತು. ಮಿಷನ್ ಮೂವತ್ತೇಳು ಕಿಲೋ ಆರುನೂರು ಗ್ರಾಂ ತೋರಿಸಿತು.

"ನಲವತ್ತು ಆಗದೆ ಮುಂದಿನ ಇಂಜೆಕ್ಷನ್ ಕೊಡೋಕಾಗಲ್ಲ. ದೇಹ ತಡೆಯಲ್ಲ," ಎಂದರು ಡಾಕ್ಟರು. "ದೀಪಾವಳಿ ಕಳೆದು ಎರಡನೇ ಸೋಮವಾರ ಬನ್ನಿ. ಆಗಲೂ ಆಗಿಲ್ಲ ಅಂದ್ರೆ ಈ ದಾರಿ ಬಿಡಬೇಕಾಗುತ್ತೆ."

ಬೇರೆ ದಾರಿ ಯಾವುದು ಎಂದು ನಾನು ಕೇಳಲಿಲ್ಲ. ಇಲ್ಲ ಎಂದು ಅವರ ಮುಖವೇ ಹೇಳಿತ್ತು.

ಬೆಳಗಿನದು, ಮಧ್ಯಾಹ್ನದ್ದು ಅವಳು ಹೇಗೋ ಗಂಜಿಯಲ್ಲಿ ಮುಗಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಒಲೆಯ ಮುಂದೆ ನಿಲ್ಲುವ ಶಕ್ತಿ ಇರುತ್ತಿರಲಿಲ್ಲ. ಹಾಗಾಗಿ ರಾತ್ರಿಯೂಟ ನನ್ನ ಜವಾಬ್ದಾರಿಯಾಯಿತು. ಆರೂವರೆಗೆ ಕೆಲಸದಿಂದ ಬಂದು ಎಂಟರೊಳಗೆ ಮೂರು ತಟ್ಟೆ ಹಾಕಬೇಕು. ರೋಗಿಗೂ ಒಗ್ಗಬೇಕು, ಹತ್ತನೇ ಕ್ಲಾಸಿನ ಮಗಳಿಗೂ ಒಗ್ಗಬೇಕು, ಎಂದೂ ಸೌಟು ಹಿಡಿಯದವನ ಕೈಗೂ ಒಗ್ಗಬೇಕು.

ಕರಿಬೇವು

ಮೊದಲ ದಿನ ಮಧುಗಿರಿಯಲ್ಲಿ ತರಕಾರಿ ಮಾರುವಾಕೆಯ ಹತ್ತಿರ ಬೀನ್ಸು, ಕ್ಯಾರೆಟ್ಟು ತೂಗಿಸಿದೆ. ಆಕೆ ಚೀಲದ ಮೇಲೆ ಒಂದು ಹಿಡಿ ಕರಿಬೇವು ಹಾಕಿದಳು.

"ಇದೇನಮ್ಮ?"

"ಕೊಸರು ಸಾ. ಮಡೀಕಳಿ."

ಕೊಸರು ಎಂದರೆ ತೂಕದ ಮೇಲೆ ಪ್ರೀತಿಗೆ ಹಾಕುವ ಹೆಚ್ಚಿಗೆ. ನಾನು ಅದನ್ನು ಯಾರಿಂದಲೂ ಪಡೆದವನಲ್ಲ. ಇವತ್ತು ಕರಿಬೇವು, ನಾಳೆ ಕುಂಬಳಕಾಯಿ, ನಾಡಿದ್ದು ತಕ್ಕಡಿ ನೋಡುವಾಗ ಕಣ್ಣು ಬೇರೆ ಕಡೆ.

"ಬೇಡ. ಕೊಡೋದಾದ್ರೆ ತೂಗು, ಬೆಲೆ ಹೇಳು, ರಸೀದಿ ಕೊಡು."

"ಕರಿಬೇವಿಗೆ ರಸೀದಿನಾ! ನಮ್ಮವ್ವನ ಕಾಲ್ದಿಂದ ಕರಿಬೇವು ಮಾರಿಲ್ಲ ಕಣ್ ಸಾ, ಬರೀ ಕೊಟ್ಟೇ ಇರೋದು."

ಸೊಪ್ಪನ್ನು ಆಕೆಯ ಬುಟ್ಟಿಗೇ ವಾಪಸು ಇಟ್ಟು ಬಂದೆ. ಹತ್ತು ದಿನ ನಮ್ಮ ಮನೆಯ ಒಗ್ಗರಣೆಗೆ ಕರಿಬೇವು ಬೀಳಲಿಲ್ಲ. ಹನ್ನೊಂದನೆಯ ದಿನ ನಾನು ಬರುವುದನ್ನು ಕಂಡು ಆಕೆ ಪಕ್ಕದ ನಿಂಬೆಹಣ್ಣಿನವಳಿಗೆ, ನನಗೂ ಕೇಳುವಂತೆ, ಹೇಳಿದಳು.

"ನೋಡೇ, ಈವಯ್ಯ ಕಮ್ಮಿ ತೂಗಿದ್ರೂ ಬುಡಲ್ಲ, ಹೆಚ್ಗೆ ಕೊಟ್ರೂ ಬುಡಲ್ಲ. ಮ್ಯಾಲೆ ಹೋದಾಗ ಆ ಯಮಧರ್ಮರಾಯ ಇವ್ರನ್ನ ಹೆಂಗ್ ತೂಗ್ತಾನೋ ಏನೋ, ಪಾಪ ಅವ್ನ ಕಷ್ಟ."

ಮೂರು ಬೆರಳು

ಉಪ್ಪಿಟ್ಟು ಸುಲಭ ಎಂದು ಹೇಳಿದವರು ಯಾರೆಂದು ತಿಳಿದರೆ ನೋಟಿಸು ಕೊಡುತ್ತೇನೆ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಸ್ವೆಟರ್ ಹಾಕಿ, ಮೇಲೆ ಶಾಲು ಹೊದ್ದು. ನಾನು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ, ಅಳತೆಯ ಲೋಟ, ನೋಟುಬುಕ್ಕು ಜೋಡಿಸಿಕೊಂಡಿದ್ದೆ.

"ಉಪ್ಪು ಎಷ್ಟು?"

"ಸ್ವಲ್ಪ."

"ಸ್ವಲ್ಪ ಅಂತ ಯಾವ ಅಳತೆಯೂ ಇಲ್ಲ."

"ಅಯ್ಯೋ, ಮೂರು ಬೆರಳಿಗೆ ಬಂದಷ್ಟು ಹಾಕ್ರೀ."

"ಯಾರ ಮೂರು ಬೆರಳು?"

"ನಂದೇ ಅನ್ಕಳಿ."

ಉಪ್ಪಿನ ಡಬ್ಬಿಯನ್ನೂ ತಕ್ಕಡಿಯನ್ನೂ ಅವಳ ಮುಂದೆ ಹಿಡಿದೆ. ಮೂರು ಸಲ ಚಿಟಿಕೆ ತೆಗೆಸಿದೆ. ಮೂರನ್ನೂ ತೂಗಿ, ಸರಾಸರಿ ತೆಗೆದು, ನೋಟುಬುಕ್ಕಿನಲ್ಲಿ ಬರೆದು, ಅಷ್ಟನ್ನೇ ಹಾಕಿದೆ. ಮಗಳು ಮೊದಲ ತುತ್ತು ಬಾಯಿಗಿಟ್ಟು ನನ್ನನ್ನು ನೋಡಿದಳು.

"ಅಪ್ಪ, ಉಪ್ಪೇ ಇಲ್ಲ."

"ಅಳತೆ ಪ್ರಕಾರ ಇದೆ."

"ಅಪ್ಪ, ಇದು ಊಟ ಅಲ್ಲ. ಪ್ರಾಕ್ಟಿಕಲ್ ಎಕ್ಸಾಮು."

ಹೆಂಡತಿ ತನ್ನ ಬೆರಳುಗಳನ್ನು ದೀಪದ ಬೆಳಕಿಗೆ ಹಿಡಿದು ನೋಡಿಕೊಂಡಳು. "ಅಡುಗೆ ಮಾಡ್ತಿದ್ದ ಬೆರಳೇ ಬೇರೆ ಕಣ್ರೀ. ಈಗ ಇವು ಹಿಡಿಯೋದೇ ಅಷ್ಟು."

ಮಗಳು ತಟ್ಟೆಯಲ್ಲಿ ಚಮಚದಿಂದ ಗೆರೆ ಎಳೆಯುತ್ತಾ ಕೂತಳು. ಆಮೇಲೆ ಹೆಂಡತಿಯೇ ಹೇಳಿದಳು.

"ಊರೋರ ತಕ್ಕಡಿಗೆಲ್ಲಾ ಮುದ್ರೆ ಐತಾ ಅಂತ ನೋಡ್ತೀರಿ. ಹೆಂಡ್ತಿ ಬೆರಳಿಗೆ ವಾಯಿದೆ ಮುಗಿದದೆ ಅಂತ ನೋಡ್ಕಳ್ಳೋದಲ್ವಾ?"

ಶಿರಾದ ಖಿಚಡಿ

ಶಿರಾದಲ್ಲಿ ಒಬ್ಬ ವಯಸ್ಸಾದ ಕಿರಾಣಿ ಅಂಗಡಿಯವರು. ಇಡೀ ಬೀದಿಗೆ ಅವರು ಚಾಚಾ. ಅವರ ತಕ್ಕಡಿ ಖಾಲಿ ಇದ್ದಾಗಲೇ ಮೂವತ್ತು ಗ್ರಾಂ ತೋರಿಸುತ್ತಿತ್ತು. ನೋಟಿಸು ಬರೆಯತೊಡಗಿದೆ. ಚಾಚಾ ಜಗಳಕ್ಕೆ ಬರಲಿಲ್ಲ. ಮಧ್ಯಾಹ್ನದ ಹೊತ್ತು, ಡಬ್ಬಿ ಬಿಚ್ಚಿ ಹಳದಿ ಬಣ್ಣದ ಏನನ್ನೋ ತಿನ್ನುತ್ತಾ ನನ್ನ ಬರವಣಿಗೆಯನ್ನು ನೋಡುತ್ತಿದ್ದರು. ತುಪ್ಪದ ವಾಸನೆ ಬಂತು.

ಕರ್ತವ್ಯದ ವೇಳೆಯಲ್ಲಿ ಕರ್ತವ್ಯಕ್ಕೆ ಸಂಬಂಧಿಸದ ಪ್ರಶ್ನೆಯನ್ನು ನಾನು ಮೊದಲ ಬಾರಿ ಕೇಳಿದ್ದು ಅಲ್ಲಿಯೇ. "ಅದು ಏನು? ಹೇಗೆ ಮಾಡೋದು?"

"ಖಿಚಡಿ ಸಾಹೇಬ್. ಅಕ್ಕಿ ಒಂದ್ ಲೋಟ, ಹೆಸರುಬೇಳೆ ಒಂದ್ ಲೋಟ, ಅರಿಶಿಣ, ಜೀರಿಗೆ, ಕುಕ್ಕರಲ್ಲಿ ನಾಕ್ ಸೀಟಿ. ಮ್ಯಾಲೆ ತುಪ್ಪ. ಬೀಮಾರ್ ಆದೋರ್ಗೂ ಹೋಗ್ತದೆ, ಬಚ್ಚಾಗೂ ಹೋಗ್ತದೆ."

"ಲೋಟ ಅಂದರೆ ಎಷ್ಟು ಮಿಲಿ?"

ಚಾಚಾ ಚಮಚ ಕೆಳಗಿಟ್ಟರು. "ಯಾಕೆ ಸಾಹೇಬ್, ಲೋಟದ ಮ್ಯಾಲೂ ಕೇಸಾ?"

ಮನೆಯಲ್ಲಿ ಹುಷಾರಿಲ್ಲ ಎಂದೆ. ಯಾರಿಗೆ ಎಂದರು. ಹೇಳಿದೆ. ಅವರು ಒಳಗಿಂದ ತುಪ್ಪದ ಬಾಟಲಿ ತಂದರು. ಬೇಡ ಎಂದೆ. ಬೇಡ ಎನ್ನುವುದನ್ನು ಮೊದಲೇ ಬಲ್ಲವರಂತೆ ವಾಪಸು ಇಟ್ಟರು. ನೋಟಿಸಿಗೆ ಸಹಿ ಹಾಕಿ, ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ ಹೇಳಿದರು.

"ಸಾಹೇಬ್! ಅಕ್ಕಿಬೇಳೆ ಮಾತ್ರ ನಮ್ ಅಂಗಡೀದು ತಗೋಬೇಡಿ. ಆ ತಕ್ಕಡೀಲಿ ಕಮ್ಮಿ ಬರ್ತದೆ."

ಅಂದು ರಾತ್ರಿ ಮಗಳು ಎರಡು ತಟ್ಟೆ ತಿಂದಳು. ಹೆಂಡತಿ ನಾಲ್ಕು ಚಮಚ.

ಗೊರವನಹಳ್ಳಿ ಪ್ರಸಾದ

ಪಕ್ಕದ ಮನೆಯಾಕೆ ಗೊರವನಹಳ್ಳಿಯ ದೇವಿ ಗುಡಿಗೆ ಹೋಗಿಬಂದು, ಕುಂಕುಮ, ಪ್ರಸಾದ ಹಿಡಿದು ಬಂದರು. ಹೆಂಡತಿಯ ಹಣೆಗೆ ಕುಂಕುಮ ಇಟ್ಟು, ಕಣ್ಣೊರೆಸಿಕೊಂಡು, ಹರಕೆಯೊಂದು ಹೊತ್ತು ಬಂದಿರುವುದಾಗಿ ತಿಳಿಸಿದರು.

"ನೀನು ಹುಷಾರಾದ್ರೆ ನಿನ್ ತೂಕದಷ್ಟು ಬೆಲ್ಲ ಅಮ್ಮನಿಗೆ ಒಪ್ಪಿಸ್ತೀನಿ ಅಂತ ಬೇಡ್ಕಂಡ್ ಬಂದ್ಬುಟ್ಟೆ ಕಣಮ್ಮ."

ನಾನು ಹರಕೆಗಳ ಮನುಷ್ಯನಲ್ಲ. ಆಕೆ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳ್ಳೆಯ ಮನಸ್ಸಿನಿಂದಲೇ, ಏನೋ ಹೊಳೆದವರಂತೆ ಹೇಳಿದರು.

"ಈಗ್ಲೇ ತೂಗ್ಸಿ ಒಪ್ಪಿಸ್ಬುಟ್ರೆ ಹೆಂಗೆ? ಆಮೇಲೆ ದಪ್ಪ ಆದ್ರೆ ಬೆಲ್ಲ ಜಾಸ್ತಿ ಬೇಕಾಯ್ತದೆ."

ನನ್ನ ಮೈ ಉರಿದುಹೋಯಿತು. ಬಾಗಿಲು ತೋರಿಸಬೇಕು ಎಂದು ಎದ್ದೆ. ಅಷ್ಟರಲ್ಲಿ ಆಪರೇಷನ್ ಆದಮೇಲೆ ಮೊದಲ ಸಲ ನನ್ನ ಹೆಂಡತಿ ನಗುತ್ತಿದ್ದಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡು ನಗುತ್ತಿದ್ದಳು.

"ಹೌದು ಕಣಕ್ಕಾ, ಬೇಗ ಕರ್ಕಂಡ್ ಹೋಗು. ಆಷಾಢದ ಸೇಲಿನಂಗೆ ನಾನೀಗ ಅಗ್ಗ."

ಭಾನುವಾರದ ತಪಾಸಣೆ

ಮನೆಗೆಂದು ನಿಂತು ತೂಗುವ ಮಿಷನ್ ಕೊಂಡೆ. ನನ್ನ ತಪಾಸಣೆಯ ಪೆಟ್ಟಿಗೆಯ ಹಿತ್ತಾಳೆಯ ತೂಕದ ಕಲ್ಲುಗಳನ್ನು ಇಟ್ಟು ಅದು ಸರಿಯಾಗಿದೆಯೇ ಎಂದು ಪರೀಕ್ಷಿಸಿದೆ. ಭಾನುವಾರವೂ ಸಂತೆ ತಪಾಸಣೆ ಇರುತ್ತಿದ್ದುದರಿಂದ ಶನಿವಾರ ಆ ಪೆಟ್ಟಿಗೆ ಮನೆಗೇ ಬರುತ್ತಿತ್ತು. ಇದನ್ನು ಮುಂದಕ್ಕೆ ನೆನಪಿಡಬೇಕು.

ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ತೂಕ. ಅದೇ ಸೀರೆ. ಸ್ವೆಟರ್ ಬಿಚ್ಚಿಸುತ್ತಿದ್ದೆ. ಚಳಿ ಎಂದರೆ ಸ್ವೆಟರ್ ಬೇರೆ ತೂಗಿ ಕಳೆಯುತ್ತಿದ್ದೆ. ನಿವ್ವಳ ತೂಕ ಎಂದರೆ ನಿವ್ವಳ ತೂಕ.

ಮೊದಲ ಭಾನುವಾರ: ಮೂವತ್ತೇಳು ನಾನ್ನೂರು. ಇನ್ನೂರು ಗ್ರಾಂ ಇಳಿದಿತ್ತು. ನಾನು ಮಂಡಿಯೂರಿ ಆ ಅಂಕಿಯನ್ನು ಬಹಳ ಹೊತ್ತು ನೋಡಿದೆ.

ಎರಡನೆಯದು: ಮೂವತ್ತೇಳು ಒಂಬೈನೂರು. ಮೂರನೆಯದು: ಮೂವತ್ತೆಂಟು ನಾನ್ನೂರು. ನಾಲ್ಕನೆಯದು: ಮೂವತ್ತೆಂಟು ಒಂಬೈನೂರು. ಐದನೆಯದು: ಮೂವತ್ತೊಂಬತ್ತು ನಾನ್ನೂರು.

ವಾರಕ್ಕೆ ಅರ್ಧ ಕಿಲೋ, ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆ ಇಲ್ಲ. ಯಾವ ಅಂಗಡಿಯಲ್ಲಾದರೂ ಹೀಗೆ ಲೆಕ್ಕ ಸರಿಬಂದಿದ್ದರೆ ತಕ್ಷಣ ಬಾಗಿಲು ಹಾಕಿಸಿ ಮೂಲೆಮೂಲೆ ಜಾಲಾಡಿಸುತ್ತಿದ್ದೆ. ಮನೆಯಲ್ಲಿ ಮಾತ್ರ ನನ್ನ ಓಟ್ಸ್ ಉಪ್ಪಿಟ್ಟನ್ನು, ಸೋಯಾ ಪಲಾವನ್ನು ಹೊಗಳಿಕೊಂಡೆ. ಕಚೇರಿಯಲ್ಲಿ ಇಬ್ಬರು ಸಹೋದ್ಯೋಗಿಗಳನ್ನು ಕೂರಿಸಿಕೊಂಡು, ರಾತ್ರಿಯೂಟವನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸುವ ಪದ್ಧತಿಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದೆ.

ಪಾವಗಡದಲ್ಲಿ ಪಂಚನಾಮೆ

ಆ ಐದನೆಯ ಭಾನುವಾರ ಜೀಪು ಬೇಗ ಬಂತು. ತೂಕ ಮುಗಿದ ತಕ್ಷಣ ಪೆಟ್ಟಿಗೆ ಎತ್ತಿಕೊಂಡು ಪಾವಗಡದ ಕಡೆಯ ಸಂತೆಗೆ ಹೊರಟೆ. ಹಸಿ ಕಡಲೆಕಾಯಿಯ ಕಾಲ. ಒಬ್ಬ ಮುದುಕಿ ರಾಶಿ ಹಾಕಿಕೊಂಡು ಕೂತಿದ್ದಳು. ತಕ್ಕಡಿಯ ಬಗ್ಗೆ ದೂರು ಬಂದಿತ್ತು. ಜನ ಸುತ್ತ ಸೇರಿದರು. ನಾನು ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಕಾನೂನಿನ ಮಹತ್ವದ ಬಗ್ಗೆ ನಾಲ್ಕು ಮಾತಾಡಿ, ಮುಚ್ಚಳ ತೆರೆದೆ.

ಮಖಮಲ್ಲಿನಲ್ಲಿ ಎರಡು ಕಿಲೋ ಕಲ್ಲು ಕೂರುವ ಗುಳಿ ಖಾಲಿ ಇತ್ತು.

ಜೀಪಿನಲ್ಲಿ ಹುಡುಕಿದೆ. ಚೀಲದಲ್ಲಿ ಹುಡುಕಿದೆ. ಮುದುಕಿ ಎದ್ದು ಬಂದು, ಸೊಂಟಕ್ಕೆ ಕೈ ಕೊಟ್ಟು, ಪೆಟ್ಟಿಗೆಯೊಳಕ್ಕೆ ಬಗ್ಗಿ ನೋಡಿದಳು. ಗಡಿ ಕಡೆಯ ಮಾತು, ಅಲ್ಲಿ ಕಡಿಮೆಗೆ ತೆಲುಗಿನ ತಕ್ಕುವ ಎನ್ನುತ್ತಾರೆ.

"ಏಂದಿ ಸಾರ್, ಮೀ ಪೆಟ್ಟಿಗೇಲೇ ತೂಕ ತಕ್ಕುವ ಐತೆ!"

ಜನ ಹೋ ಎಂದು ನಕ್ಕರು. ಯಾರೋ ಹಿಂದಿನಿಂದ, "ಎಷ್ಟು ತಕ್ಕುವ ಅವ್ವಾ?" ಎಂದ.

"ಎರಡು ಕಿಲೋ ಕಣ್ಲಾ! ನಂದು ಅಮ್ಮಮ್ಮಾ ಅಂದ್ರೆ ಐವತ್ ಗ್ರಾಂ," ಎಂದಳು ಮುದುಕಿ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದಳು. "ಬರ್ಕೋಳಿ ಸಾರ್. ಫಸ್ಟು ಯಾರ್ ಹೆಸ್ರು?"

ಹೇಳಿಕೆ

ಮಧ್ಯಾಹ್ನ ಮನೆಗೆ ಬಂದಾಗ ಮಗಳು ಬಾಗಿಲು ತೆಗೆದು ಗೋಡೆಗೆ ಅಂಟಿ ನಿಂತಳು. ಹೆಂಡತಿ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಅವಳ ತಾಯಿಯ ಹಳೆಯ ಎಲೆಅಡಿಕೆ ಸಂಚಿ. ಅದರೊಳಗಿಂದ ಹಿತ್ತಾಳೆ ಕಲ್ಲನ್ನು ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು. ಒಂದು ಕೈಯಲ್ಲಿ ಎತ್ತಲಾಗುತ್ತಿರಲಿಲ್ಲ.

"ನೀವು ಗಡಿಬಿಡೀಲಿ ಪೆಟ್ಟಿಗೆ ಎತ್ಕಂಡ್ ಹೋಗ್ಬುಟ್ರಿ. ವಾಪಸ್ ಇಡೋಕಾಗ್ಲಿಲ್ಲ."

ನಾನು ನಿಂತೇ ಹೇಳಿಕೆ ಪಡೆದೆ. "ಎಷ್ಟು ವಾರದಿಂದ?"

"ಎರಡನೇ ವಾರದಿಂದ. ಮೊದ್ಲು ಅರ್ಧ ಕಿಲೋದು. ಆಮೇಲೆ ಒಂದು. ಆಮೇಲೆ ಒಂದೂವರೆ. ಸೀರೆ ಒಳ್ಗೆ ಸೊಂಟಕ್ಕೆ ಕಟ್ಕಳ್ತಿದ್ದೆ."

"ಕಟ್ಟಿದ್ದು ಯಾರು?"

ಮಗಳು ಗೋಡೆಯ ಹತ್ತಿರದಿಂದ, ಕ್ಲಾಸಿನಲ್ಲಿ ಹಾಜರಿ ಹೇಳುವವಳ ಹಾಗೆ, ಕೈ ಎತ್ತಿದಳು.

"ಯಾಕೆ?"

ಹೆಂಡತಿ ಕಲ್ಲನ್ನು ತೊಡೆಯ ಮೇಲೆ ಇಳಿಸಿಕೊಂಡಳು. "ಮೊದ್ಲ ಭಾನುವಾರ ಇನ್ನೂರು ಗ್ರಾಂ ಇಳ್ದಿತ್ತಲ್ಲ. ನೀವು ಮಿಷನ್ ಮುಂದೆ ಮಂಡಿ ಊರ್ಕಂಡು ಕೂತ್ರಲ್ಲ, ಆ ಮುಖ ನೋಡೋಕಾಗ್ಲಿಲ್ಲ ಕಣ್ರೀ. ಅರ್ಧ ಕಿಲೋ ಹಿತ್ತಾಳೇಲಿ ಆ ಮುಖ ಸರಿಹೋಗೋದಾದ್ರೆ ಹೋಗ್ಲಿ ಅಂದ್ಕಂಡೆ."

ಪುನಃ ತೂಗಿದೆ. ಮೂವತ್ತೇಳು ನಾನ್ನೂರು. ನನ್ನ ಐದು ವಾರದ ಪದ್ಧತಿಯ ನಿವ್ವಳ ಫಲ ಇನ್ನೂರು ಗ್ರಾಂ ನಷ್ಟ. ಉಳಿದದ್ದು ಐದು ವಾರ.

"ಕೇಸ್ ಹಾಕ್ತೀರಾ?" ಎಂದಳು.

"ಹಾಕ್ತೀನಿ. ಮೊದಲು ಹೇಳು, ನಿನಗೆ ಏನು ತಿನ್ನಬೇಕು ಅನಿಸುತ್ತೆ?"

"ಐದು ವಾರಕ್ಕೆ ಇವತ್ತು ಕೇಳಿದ್ರಿ," ಎಂದಳು ಅವಳು. "ನಾಲಿಗೆಗೆ ಏನಿಟ್ರೂ ನಿಮ್ ಈ ಕಲ್ಲು ನೆಕ್ಕಿದಂಗೆ ಆಗ್ತದೆ. ಹುಳಿ ಒಂದೇ ಗೊತ್ತಾಗೋದು. ಬದನೆಕಾಯಿ ಸುಟ್ಟು, ಹುಣಸೆಹುಳಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಕಿವುಚಿ ಗೊಜ್ಜು ಮಾಡ್ತಿದ್ಲು ನಮ್ಮವ್ವ ನಮ್ಮೂರು ಐ.ಡಿ.ಹಳ್ಳೀಲಿ. ಅದು, ಮೆತ್ತಗೆ ಒಂದು ಮುದ್ದೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಆ ಓಟ್ಸ್ ಉಪ್ಪಿಟ್ಟು ತಂದಿಡುವಾಗ ಮದುವೇಲಿ ತಾಳಿ ಕಟ್ಟಿದಾಗಿನ ಗತ್ತು ಇತ್ತು ರೀ. ಹೆಂಗ್ ಹೇಳ್ಲಿ?"

ಬದನೆಕಾಯಿ ಸುಡಲು ಹತ್ತು ನಿಮಿಷ, ಕಿವುಚಲು ಐದು. ಇದಕ್ಕಿಂತ ಸುಲಭದ ರಾತ್ರಿಯೂಟ ನಾನು ಕಂಡಿಲ್ಲ. ಮುದ್ದೆ ಮಾತ್ರ ಸುಲಭವಲ್ಲ. ಮೊದಲ ರಾತ್ರಿ ಮೂರೂ ಮುದ್ದೆಯನ್ನು ತೂಗಿ ಒಂದೇ ಸಮ ಕಟ್ಟಿದೆ, ನುಣ್ಣಗೆ, ದುಂಡಗೆ. ಹೆಂಡತಿ ಮುರಿದಳು. ಒಳಗೆ ನೆಲ್ಲಿಕಾಯಿ ಗಾತ್ರದ ಹಸಿ ಹಿಟ್ಟಿನ ಗಂಟು.

ಅವಳು ಗಂಟನ್ನು ತಟ್ಟೆಯ ಅಂಚಿಗೆ ಇಟ್ಟು, ಮಗಳ ಕಡೆ ನೋಡಿದಳು. "ಬರ್ಕೋಳೇ. ಹೊರಗೆ ಮುದ್ರೆ ಸರಿಯಾಗದೆ. ಒಳಗೆ ಮೋಸ."

ಗಂಟು ಬಿಟ್ಟು ಉಳಿದದ್ದನ್ನೆಲ್ಲಾ ತಿಂದಳು.

ಕೊಸರು

ದೀಪಾವಳಿ ಕಳೆದು ಎರಡನೇ ಸೋಮವಾರ ತುಮಕೂರು. ಅವಳು ಸ್ವೆಟರ್ ಬಿಚ್ಚಿದಳು, ಚಪ್ಪಲಿ ಬಿಚ್ಚಿದಳು. ಕೇಳುವ ಮೊದಲೇ ಸೊಂಟ ತಟ್ಟಿ ತೋರಿಸಿದಳು: ಏನೂ ಇಲ್ಲ. ನರ್ಸಮ್ಮನಿಗೆ ಅದು ಯಾಕೆಂದು ಅರ್ಥವಾಗಲಿಲ್ಲ.

ಮೂವತ್ತೊಂಬತ್ತು ಒಂಬೈನೂರು.

ನೂರು ಗ್ರಾಂ ಕಡಿಮೆ. ಇಳಿಸಿ, ಮತ್ತೆ ಹತ್ತಿಸಿದರು. ಅದೇ.

ನಾನು ಬಗ್ಗಿ ಮಿಷನ್ನಿನ ಮುದ್ರೆ ನೋಡಿದೆ. ಜೀವಮಾನದಲ್ಲಿ ಮೊದಲ ಸಲ, ಒಂದು ತಕ್ಕಡಿಗೆ ಮುದ್ರೆ ಇಲ್ಲದಿರಲಿ ಎಂದು ಮನಸಾರೆ ಹಾರೈಸಿ ನೋಡಿದೆ. ಇತ್ತು. ಈ ವರ್ಷದ್ದೇ. ಯಾವನೋ ನನ್ನಂಥವನು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ.

ಡಾಕ್ಟರು ಬಂದರು. ಅವರು ಅಂಕಿ ನೋಡುವ ಮೊದಲೇ, "ನೂರು ಗ್ರಾಂ ಕಡಿಮೆ ಇದೆ ಡಾಕ್ಟರೇ," ಎಂದೆ. ಹೆಂಡತಿ ಬರಿಗಾಲಲ್ಲಿ ನನ್ನ ಬೂಟನ್ನು ತುಳಿದಳು. ತಡವಾಗಿತ್ತು.

ಡಾಕ್ಟರು ರಕ್ತದ ರಿಪೋರ್ಟು ತಿರುವಿದರು. ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ. "ನಿನ್ನೆ ರಾತ್ರಿ ಏನಮ್ಮ ತಿಂದಿದ್ದು?"

"ಮುದ್ದೆ, ಬದನೆಕಾಯಿ ಗೊಜ್ಜು ಸಾರ್."

"ಎಷ್ಟು?"

"ಒಂದೂವರೆ. ಇನ್ನರ್ಧ ಇವ್ರು ಕೊಡ್ಲಿಲ್ಲ. ಗಂಟು ಐತೆ, ಬೇಡ ಅಂದ್ರು."

ಡಾಕ್ಟರು ರಿಪೋರ್ಟು ಮಡಿಸಿದರು. "ರಕ್ತ ಚೆನ್ನಾಗಿದೆ. ಶುರು ಮಾಡೋಣ. ಆ ನೂರು ಗ್ರಾಂ ನನ್ನ ಕಡೆಯಿಂದ ಕೊಸರು ಅಂತ ಇಟ್ಕೊಳ್ಳಿ."

ಇಪ್ಪತ್ತಾರು ವರ್ಷದ ಅಭ್ಯಾಸ. 'ಬೇಡ' ಎಂದು ಬಾಯಿ ತೆರೆದೇಬಿಟ್ಟಿತ್ತು. ಅಷ್ಟರಲ್ಲಿ ಅವಳು ನನ್ನ ತೋಳನ್ನು ಹಿಡಿದಳು. ಉಪ್ಪು ಹಿಡಿಯಲಾಗದ ಆ ಮೂರೇ ಬೆರಳು. ಅಂಗಿಯ ತೋಳು ಹರಿಯುವಷ್ಟು ಬಿಗಿಯಾಗಿತ್ತು ಹಿಡಿತ.

ಬಾಯಿ ಮುಚ್ಚಿದೆ. ಆಮೇಲೆ ತೆರೆದು, "ಆಗಲಿ. ಉಪಕಾರವಾಯಿತು," ಎಂದೆ.

ನರ್ಸಮ್ಮ ಅವಳನ್ನು ಇಂಜೆಕ್ಷನ್ ಕೋಣೆಗೆ ಕರೆದುಕೊಂಡು ಹೊರಟರು. ಆ ಇಂಜೆಕ್ಷನ್ ಎಂಥದ್ದು, ಅದಾದಮೇಲಿನ ವಾರ ಎಂಥದ್ದು ಎಂದು ಹಿಂದಿನ ಎರಡು ಸಲದಿಂದ ನಮ್ಮಿಬ್ಬರಿಗೂ ಗೊತ್ತಿತ್ತು. ಇದರಿಂದ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ಅವಳು ನಿಂತು ತಿರುಗಿದಳು. ಏನೋ ಕೊನೆಯ ಮಾತಿರಬೇಕೆಂದು ನಾನು ಎದೆ ಗಟ್ಟಿ ಮಾಡಿಕೊಂಡೆ.

"ರೀ," ಎಂದಳು ಇಡೀ ಆಸ್ಪತ್ರೆಗೆ ಕೇಳುವಂತೆ, "ಕೊಸರಿಗೆ ರಸೀದಿ ಇಸ್ಕಂಡ್ರಾ?"